ನೂರರಿಂದ ಕಳೆದು ಉಳಿದ ಹದಿನೈದು

ಆಹಾರ ಪ್ಯಾಕೆಟ್‌ಗಳ ಲೇಬಲ್‌ಗೆ ಅನುಮೋದನೆ ಕೊಡುವ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೊದಲು ಕ್ಷಮೆ. ಏಳನೇ ವಯಸ್ಸಿನಿಂದ ಹಾಸ್ಟೆಲ್‌ನಲ್ಲಿ ಬೆಳೆದವಳು ನಾನು. ಅಲ್ಲಿ ಯಾವ ಅರ್ಜಿ ಬರೆದರೂ ಮೊದಲ ಸಾಲು ಕ್ಷಮೆಯದೇ. ಜ್ವರ ಬಂದಿದ್ದಕ್ಕೆ ಕ್ಷಮಿಸಿ, ಬಕೆಟ್ ಒಡೆದಿದ್ದಕ್ಕೆ ಕ್ಷಮಿಸಿ, ಭಾನುವಾರ ಮನೆಯಿಂದ ಯಾರೂ ನೋಡಲು ಬರದಿದ್ದಕ್ಕೂ ಒಮ್ಮೆ ಕ್ಷಮೆ ಕೇಳಿ ಬರೆದಿದ್ದೆ. ಆ ಅಭ್ಯಾಸದಲ್ಲೇ ಈಗಲೂ ಕೇಳುತ್ತೇನೆ: ನಿಮ್ಮಂಥವರಿಗೆ ನನ್ನಂಥವಳು ಬರೆಯುತ್ತಿರುವುದಕ್ಕೆ ಕ್ಷಮಿಸಿ. ನನ್ನ ಕನ್ನಡ ಅರ್ಧಕ್ಕರ್ಧ ಇಂಗ್ಲಿಷು, ಅದಕ್ಕೂ ಕ್ಷಮಿಸಿ. ನಿಮ್ಮ ಕಚೇರಿಗೆ ಮೊದಲು ಮೂರು ಪತ್ರ ಇಂಗ್ಲಿಷಿನಲ್ಲೇ ಬರೆದೆ. ಮೂರಕ್ಕೂ ಸೇರಿಸಿ ಒಂದು ಉತ್ತರ ಬಂತು. ಅದನ್ನು ಓದಿದ ಮೇಲೆ ಇದನ್ನು ನಾಲ್ಕು ಜನಕ್ಕೆ ಅರ್ಥವಾಗುವ ಭಾಷೆಯಲ್ಲಿ, ನಾಲ್ಕು ಜನ ಓದುವ ಜಾಗದಲ್ಲಿ ಬರೆಯಬೇಕು ಅನ್ನಿಸಿತು.

ದೂರು ಇಷ್ಟೇ. ನೀವು ಮುದ್ರೆ ಒತ್ತಿ ಮಾರಾಟಕ್ಕೆ ಬಿಟ್ಟ, ಏಪ್ರಿಕಾಟ್ ಓಟೆಯೊಳಗಿನ ತಿರುಳಿನ ಪೌಷ್ಟಿಕ ಪುಡಿಯ ಪ್ಯಾಕೆಟ್ಟಿನ ಹಿಂಬದಿಯಲ್ಲಿ ಒಂದು ಕೋಷ್ಟಕ ಇದೆ. ನೂರು ಗ್ರಾಂ ಪುಡಿಯಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅದು ಹೇಳುತ್ತದೆ. ಹೊಟ್ಟೆಗೆ ಹೋದರೆ ಸೈನೈಡ್ ಆಗುವ ಒಂದು ವಸ್ತು ಆ ಪುಡಿಯಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ. ಅದನ್ನು ಹನ್ನೆರಡು ದಿನ ತಿಂದು ನನ್ನ ಚಿಕ್ಕಮ್ಮ ತೀರಿಕೊಂಡಳು. ಆ ಕೋಷ್ಟಕ ಬರೆದವಳು ನಾನು. ಬರುವ ತಿಂಗಳ ಒಂದನೇ ತಾರೀಖಿನಿಂದ ಅದೇ ಪುಡಿಯನ್ನು ವಸತಿ ಶಾಲೆಗಳ ಮಕ್ಕಳ ಬೆಳಗಿನ ಹಾಲಿಗೆ ಬೆರೆಸಲು ನಿಮ್ಮ ಕಚೇರಿ ಒಪ್ಪಿಗೆ ಕೊಟ್ಟಿದೆ.

ಈ ಪ್ಯಾರಾ ಇನ್ನೊಮ್ಮೆ ಓದಬೇಕು ಅನ್ನಿಸಿದರೆ ಓದಿ. ನಾನಂತೂ ದಿನಾ ಓದುತ್ತೇನೆ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಅಮ್ಮ ಹೋದ ಮೇಲೆ ನನಗೆ ಉಳಿದವಳು ಅವಳೊಬ್ಬಳೇ. ಒಣಹಣ್ಣಿನ ಶೆಡ್ ಒಂದರಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದಳು. ಅಲ್ಲಿ ಹಣ್ಣು ಒಂದು ಕಡೆ ಹೋಗುತ್ತದೆ, ಓಟೆ ಇನ್ನೊಂದು ಕಡೆ. ಯಂತ್ರ ಓಟೆಯನ್ನು ಒಡೆದು, ಜರಡಿಯಾಡಿಸಿ, ಒಳಗಿನ ತಿರುಳನ್ನು ಉದ್ದನೆಯ ತಗಡಿನ ಮೇಜಿನ ಮೇಲೆ ಸುರಿಯುತ್ತದೆ. ಕೆಲವು ಮರಗಳ ತಿರುಳು ಸಿಹಿ, ಕೆಲವು ಮರಗಳದ್ದು ಕಹಿ. ನೋಡುವುದಕ್ಕೆ ಎರಡೂ ಒಂದೇ: ಕಂದು ಸಿಪ್ಪೆ, ಬಿಳಿ ಒಳಗು, ಒಂದು ತುದಿ ಚೂಪು. ಆದ್ದರಿಂದ ಪ್ರತಿ ಮೂಟೆಯಿಂದ ಐದಾರು ತಿರುಳು ತೆಗೆದು, ಮುಂದಿನ ಹಲ್ಲಿನಲ್ಲಿ ತುದಿ ಕಚ್ಚಿ, ನಾಲಿಗೆಗೆ ತಾಗಿಸಿ, ಪಕ್ಕದ ಡಬ್ಬಿಗೆ ತುಪ್ ಎಂದು ಉಗಿದು, ಸಿಹಿಯೋ ಕಹಿಯೋ ಕೂಗಿ ಹೇಳುವ ಒಬ್ಬರು ಬೇಕು. ಆ ಒಬ್ಬಳು ಚಿಕ್ಕಮ್ಮ. ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ನಾಲಿಗೆಯಕ್ಕ ಎಂದೇ. “ನಾಲಿಗೆಯಕ್ಕನ ಬಾಯಿಗೆ ಸಿಕ್ಕಿದ್ರೆ ಮೂಟೆನೂ ಉಳಿಯಲ್ಲ, ಮೇಸ್ತ್ರಿನೂ ಉಳಿಯಲ್ಲ” ಎಂದು ಜೊತೆಯವರು ನಗುತ್ತಿದ್ದರು. ಸಿಹಿ ಮೂಟೆ ಬೇಕರಿಗಳಿಗೆ, ಕಹಿ ಮೂಟೆ ಸಾಬೂನಿಗೆಂದು ಎಣ್ಣೆ ತೆಗೆಯುವವರಿಗೆ. ಊಟಕ್ಕೆ ಮೊದಲು ಮೂರು ಸಲ ಬಾಯಿ ಮುಕ್ಕಳಿಸುತ್ತಿದ್ದಳು. ಹದಿನಾಲ್ಕು ವರ್ಷದಲ್ಲಿ ಕಹಿ ತಿರುಳಿನ ಒಂದು ಚೂರನ್ನೂ ನುಂಗಿದವಳಲ್ಲ. ಯಾಕೆ ನುಂಗಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳಿಗಿಂತ ಮುಂಚಿನವರು ಉಗಿಯುತ್ತಿದ್ದರು, ಇವಳೂ ಉಗಿದಳು.

ನಾನು ಕಲಿತದ್ದು ಬೇರೆ. ನಮ್ಮ ಹಾಸ್ಟೆಲ್‌ನಲ್ಲಿ ಊಟ ಮುಗಿಸಿ ಏಳುವಾಗ ವಾರ್ಡನ್ ಬಾಗಿಲಲ್ಲಿ ನಿಂತು “ತಟ್ಟೆ ತೋರಿಸು” ಅನ್ನುತ್ತಿದ್ದರು. ಏನಾದರೂ ಉಳಿದಿದ್ದರೆ ವಾಪಸ್ಸು ಬೆಂಚಿಗೆ. ಕಹಿ ಸೊಪ್ಪಿದ್ದ ದಿನ ದೊಡ್ಡ ಹುಡುಗಿಯರು ನಮಗೆ ಉಪಾಯ ಹೇಳಿಕೊಟ್ಟರು: ಮೂಗು ಹಿಡಿ, ಉಸಿರು ಕಟ್ಟು, ನಾಲಿಗೆಗೆ ತಾಗಿಸದೆ ಗಂಟಲಿಗೆ ಎಸೆ, ಮೇಲೆ ನೀರು ಕುಡಿ. ಹತ್ತು ವರ್ಷ ಹಾಗೇ ಉಂಡೆ. ನಾಲಿಗೆಯನ್ನು ಕೇಳಬಾರದು ಎಂದು ಒಂದು ಶಿಸ್ತಿನಂತೆ ಕಲಿತೆ, ಆಮೇಲೆ ಚಿಕ್ಕವರಿಗೂ ಕಲಿಸಿದೆ. ಈ ಮಾತನ್ನು ನೆನಪಿನಲ್ಲಿಡಿ ಮಾನ್ಯರೇ, ಮತ್ತೆ ಬೇಕಾಗುತ್ತದೆ.

ಕಾಲೇಜಿನ ಮೊದಲ ವರ್ಷ ನಮಗೊಂದು ಪ್ರಾಕ್ಟಿಕಲ್: ಯಾವುದಾದರೂ ಎಣ್ಣೆಬೀಜದ ಪೌಷ್ಟಿಕಾಂಶ ಕಂಡುಹಿಡಿಯಿರಿ, ಸ್ಯಾಂಪಲ್ ನೀವೇ ತನ್ನಿ. ಚಿಕ್ಕಮ್ಮನಿಗೆ ಫೋನ್ ಮಾಡಿದೆ.

“ಎಲ್ಲರೂ ಕಡಲೆಬೀಜ ತರ್ತಾರೆ ಚಿಕ್ಕಮ್ಮ. ನಂಗೆ ನಿಮ್ಮ ಶೆಡ್ಡಿನ ತಿರುಳು ಕಳಿಸು, ಸ್ವಲ್ಪ ಸ್ಟೈಲಾಗಿರುತ್ತೆ.”

“ಸಿಹಿದು ಗೇಟಲ್ಲಿ ತೂಕ ನೋಡ್ತಾರೆ ಕಣೇ, ತರೋಕಾಗಲ್ಲ. ಕಹಿದು ಬೇಕಾದ್ರೆ ಒಂದು ಬೊಗಸೆ ಕಳಿಸ್ತೀನಿ, ಅದನ್ನ ಯಾರೂ ಕೇಳಲ್ಲ.”

“ಯಾವುದಾದ್ರೆ ಏನು? ಆ್ಯಸಿಡ್‌ಗೆ ರುಚಿ ಗೊತ್ತಾಗುತ್ತಾ?”

“ಆ್ಯಸಿಡ್ಡಿಗೆ ಗೊತ್ತಾಗದೇ ಇರಬಹುದು ಪ್ರೊಫೆಸರಮ್ಮ. ನೀನು ಮಾತ್ರ ಬಾಯಿಗೆ ಹಾಕ್ಕೋಬೇಡ.”

ಹೌದು, ಅವಳು ಎಚ್ಚರಿಸಿದ್ದಳು. ಎಚ್ಚರಿಕೆ ಕೇಳಿಸಿಕೊಂಡವಳು ನಾನು, ಸತ್ತವಳು ಅವಳು.

ಈಗ ಆ ಲೆಕ್ಕ ಹೇಗೆ ಮಾಡುತ್ತಾರೆಂದು ಹೇಳುತ್ತೇನೆ. ನಿಮಗೆ ಗೊತ್ತಿರುವುದೇ, ಆದರೂ ಅಂಗಡಿಯಲ್ಲಿ ಪ್ಯಾಕೆಟ್ ತಿರುಗಿಸಿ ಓದುವ ಜನಕ್ಕೆ ಗೊತ್ತಾಗಲಿ. ಪುಡಿಯನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು ಒಣಗಿಸಿದರೆ ಕಡಿಮೆಯಾದ ತೂಕ ತೇವಾಂಶ: ನನಗೆ ಬಂದದ್ದು 5.2. ಕುಲುಮೆಯಲ್ಲಿ ಸುಟ್ಟರೆ ಉಳಿಯುವುದು ಬೂದಿ, ಅಂದರೆ ಖನಿಜಾಂಶ: 2.6. ಎಣ್ಣೆಯನ್ನು ದ್ರಾವಕದಲ್ಲಿ ಇಳಿಸಿ ತೂಗುತ್ತಾರೆ: 46.8. ಸಾರಜನಕವನ್ನು ಅಳೆದು, ಒಂದು ಸಂಖ್ಯೆಯಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ: 24.1. ಆಮ್ಲದಲ್ಲೂ ಕ್ಷಾರದಲ್ಲೂ ಕುದಿಸಿದ ಮೇಲೂ ಕರಗದೆ ಉಳಿದದ್ದು ನಾರು: 6.3. ಕೂಡಿದರೆ ಎಂಬತ್ತೈದು. ಕೊನೆಯ ಸಾಲು ಕಾರ್ಬೋಹೈಡ್ರೇಟ್. ಅದನ್ನು ನಾವು ಅಳೆಯುವುದೇ ಇಲ್ಲ ಮಾನ್ಯರೇ. ನೂರರಿಂದ ಎಂಬತ್ತೈದನ್ನು ಕಳೆದು, ಉಳಿದ ಹದಿನೈದನ್ನು ಆ ಸಾಲಿನ ಮುಂದೆ ಬರೆದುಬಿಡುತ್ತೇವೆ. ಇದು ನನ್ನ ಕಳ್ಳತನವಲ್ಲ, ರೂಢಿಯಲ್ಲಿರುವ ಪದ್ಧತಿ. ಅದಕ್ಕೇ ಇಂಥ ಕೋಷ್ಟಕ ಯಾವಾಗಲೂ ಕರಾರುವಾಕ್ಕಾಗಿ ನೂರಕ್ಕೆ ಬಂದು ನಿಲ್ಲುತ್ತದೆ. ನಿಲ್ಲದೆ ಏನು ಮಾಡೀತು? ನಿಲ್ಲುವ ಹಾಗೆ ನಾವೇ ನಿಲ್ಲಿಸಿದ್ದೇವೆ.

ಆ ಹದಿನೈದರಲ್ಲಿ ಏನಿತ್ತು? ಪಿಷ್ಟ ಇತ್ತು, ಸಕ್ಕರೆ ಇತ್ತು. ಜೊತೆಗೆ ಅಮಿಗ್ಡಲಿನ್ ಇತ್ತು. ಕಹಿ ತಿರುಳಿನಲ್ಲಿ ನೂರಕ್ಕೆ ಮೂರು, ನಾಲ್ಕು, ಕೆಲವೊಮ್ಮೆ ಐದು ಗ್ರಾಂ ಇರುತ್ತದೆಂದು ಪುಸ್ತಕಗಳು ಹೇಳುತ್ತವೆ. ಆ ಕಹಿಯೇ ಅದು. ತಿರುಳು ಇಡಿಯಾಗಿರುವಾಗ ಅದು ಸುಮ್ಮನಿರುತ್ತದೆ. ಅರೆದು ನೀರು ತಾಗಿಸಿದರೆ ತಿರುಳಿನೊಳಗೇ ಇರುವ ಒಂದು ಕಿಣ್ವ ಅದನ್ನು ಒಡೆಯುತ್ತದೆ. ಆಗ ಮೂರು ವಸ್ತು ಹೊರಬರುತ್ತವೆ: ಸಕ್ಕರೆ, ಬಾದಾಮಿಯ ಪರಿಮಳ ಕೊಡುವ ಬೆಂಜಾಲ್ಡಿಹೈಡ್, ಮತ್ತು ಹೈಡ್ರೋಜನ್ ಸೈನೈಡ್. ಅಂದರೆ ವಿಷ ಬರುವಾಗ ಒಂದು ಕೈಯಲ್ಲಿ ಸಿಹಿ, ಇನ್ನೊಂದು ಕೈಯಲ್ಲಿ ಪರಿಮಳ ಹಿಡಿದುಕೊಂಡೇ ಬರುತ್ತದೆ. ನನ್ನ ಕೋಷ್ಟಕದಲ್ಲಿ ಅದು ಕಾರ್ಬೋಹೈಡ್ರೇಟ್ ಸಾಲಿನಲ್ಲಿ ಸಭ್ಯವಾಗಿ ಕೂತಿತ್ತು. ಸಾಲದ್ದಕ್ಕೆ, ಅದರಲ್ಲಿರುವ ಸಾರಜನಕದ ಒಂದು ಪಾಲು ಪ್ರೋಟೀನ್ ಸಾಲಿಗೂ ಸೇರಿಹೋಗಿರಬಹುದು. ಚಿಕ್ಕಮ್ಮನನ್ನು ಕೊಂದದ್ದರ ಒಂದಿಷ್ಟನ್ನು ನಾನು ಪುಷ್ಟಿ ಎಂದು ಬರೆದೆ. ಇದು ನನಗೆ ತಿಳಿದದ್ದು ಅವಳು ಹೋದ ಮೂರನೇ ವಾರ, ಲೈಬ್ರರಿಯಲ್ಲಿ. ಆ ಪುಟ ನಮ್ಮ ಪಠ್ಯಪುಸ್ತಕದಲ್ಲೇ ಇತ್ತು. ನಮ್ಮ ಸಿಲಬಸ್ಸಿಗೆ ಎರಡು ಪಾಠ ಮುಂದೆ.

ರೆಕಾರ್ಡಿನಲ್ಲಿ ಸ್ಯಾಂಪಲ್ ಎಂಬ ಸಾಲಿನ ಮುಂದೆ “ಏಪ್ರಿಕಾಟ್ ತಿರುಳು” ಎಂದಷ್ಟೇ ಬರೆದೆ. ಕಹಿ ಎಂದು ಬರೆಯಲಿಲ್ಲ. ರುಚಿಯನ್ನು ಯಾರೂ ಕೇಳಿರಲಿಲ್ಲ. ಹತ್ತಕ್ಕೆ ಒಂಬತ್ತೂವರೆ ಬಂತು. ಫೋಟೋ ತೆಗೆದು ಚಿಕ್ಕಮ್ಮನಿಗೆ ಕಳಿಸಿದೆ. ಅವಳು ಅದನ್ನು ತಗಡಿನ ಮೇಜಿನ ಸುತ್ತ ಕೂತ ಎಲ್ಲರಿಗೂ ತೋರಿಸಿದಳು, ಕೊನೆಗೆ ಮಾಲೀಕರಿಗೂ. ಮಾಲೀಕರು ಕೆಟ್ಟವರಲ್ಲ. ಸಾಬೂನಿಗೆ ಹೋಗುವ ಮೂಟೆಯಲ್ಲಿ ಇಷ್ಟೊಂದು ಪ್ರೋಟೀನ್ ಇದೆಯಾ ಎಂದು ಅವರಿಗೆ ಆಶ್ಚರ್ಯವಾಯಿತು. ನನಗೆ ಫೋನ್ ಮಾಡಿಸಿದರು. ಸ್ಪೀಕರ್ ಹಾಕಿದ್ದರಿಂದ ಶೆಡ್ಡೆಲ್ಲ ಕೇಳಿಸಿಕೊಳ್ಳುತ್ತಿತ್ತು.

“ಏನಮ್ಮಾ, ಕಹಿ ಇದ್ರೆ ತೊಂದರೆ ಏನೂ ಇಲ್ವಾ?”

ನಾನು ಹದಿನೆಂಟು ವರ್ಷದವಳು. ಜೀವನದಲ್ಲಿ ಮೊದಲ ಸಲ ಒಬ್ಬ ದೊಡ್ಡವರು ನನ್ನನ್ನು ಏನೋ ಕೇಳಿ ಉತ್ತರಕ್ಕೆ ಕಾಯುತ್ತಿದ್ದರು. “ಕಹಿ ಅಂದ್ರೆ ಆ್ಯಂಟಿಆಕ್ಸಿಡೆಂಟ್ ಸರ್, ಒಳ್ಳೆಯದೇ” ಅಂದೆ. ಎಲ್ಲಿ ಓದಿದ್ದೆ ಎಂದು ಈಗ ಹುಡುಕಿದರೂ ಸಿಗುವುದಿಲ್ಲ. ಬಹುಶಃ ಎಲ್ಲೂ ಓದಿರಲಿಲ್ಲ. ಆ ಕಡೆ ಯಾರೋ ಚಪ್ಪಾಳೆ ತಟ್ಟಿದರು. ಚಿಕ್ಕಮ್ಮನ ನಗು ಎಲ್ಲರಿಗಿಂತ ಜೋರಾಗಿ ಕೇಳಿಸಿತು.

ಇಲ್ಲಿಯವರೆಗಿನ ತಪ್ಪು ನನ್ನದು, ಒಪ್ಪಿಕೊಂಡಿದ್ದೇನೆ. ಇನ್ನು ಮುಂದಿನದ್ದು ನಿಮ್ಮದು. ಕಹಿ ಮೂಟೆಗಳನ್ನು ಪುಡಿ ಮಾಡಿಸಿ ಮಾರಲು ಮಾಲೀಕರು ನಿಮ್ಮ ಕಚೇರಿಗೆ ಅರ್ಜಿ ಹಾಕಿದರು. ಅದರ ಜೊತೆ ಮೊದಲ ವರ್ಷದ ಹುಡುಗಿಯೊಬ್ಬಳ ಪ್ರಾಕ್ಟಿಕಲ್ ರೆಕಾರ್ಡಿನ ಜೆರಾಕ್ಸ್ ಪ್ರತಿ, ಮೂಲೆಯಲ್ಲಿ ಕೆಂಪು ಶಾಯಿಯ 9.5 ಸಮೇತ, ನಿಮ್ಮ ಮೇಜಿನ ಮೇಲೆ ಬಂದು ಕೂತಿತು. ಅದನ್ನು ನೋಡಿ ನಿಮ್ಮಲ್ಲಿ ಒಬ್ಬರಿಗಾದರೂ ಇದೇನಿದು ಅನ್ನಿಸಲಿಲ್ಲವೇ? ಇನ್ನೊಂದು ಪ್ರಯೋಗಾಲಯಕ್ಕೆ ಕಳಿಸೋಣ ಅನ್ನಿಸಲಿಲ್ಲವೇ? ತಿರುಳು ಯಾವ ಮರದ್ದು ಎಂದು ಒಂದು ಫೋನ್ ಮಾಡಿ ಕೇಳಬಹುದಿತ್ತು. ಹೋಗಲಿ, ಒಂದು ಚಿಟಿಕೆ ನಾಲಿಗೆಯ ತುದಿಗೆ ಇಟ್ಟುಕೊಂಡು ಉಗಿಯಬಹುದಿತ್ತು; ನನ್ನ ಚಿಕ್ಕಮ್ಮ ದಿನಕ್ಕೆ ನಲವತ್ತು ಮೂಟೆಗೆ ಮಾಡುತ್ತಿದ್ದ ಕೆಲಸ ಅದು, ಅವಳು ಓದಿದ್ದು ಐದನೇ ತರಗತಿ. ನೀವು ಮಾತ್ರ ಕೂಡಿ ನೋಡಿದಿರಿ, ನೂರು ಬಂತು, ಮುದ್ರೆ ಒತ್ತಿದಿರಿ. ಪ್ಯಾಕೆಟ್ ಮೇಲೆ ನನ್ನ ಅಂಕಿಗಳು ದಶಾಂಶ ಬಿಂದುವಿನ ಸಮೇತ ಅಚ್ಚಾದವು. ಕೆಳಗೆ ನಿಮ್ಮ ಅನುಮೋದನೆಯ ನಂಬರು. ಅದರ ಕೆಳಗೆ: ದಿನಕ್ಕೆ ಒಂದರಿಂದ ಮೂರು ಚಮಚ.

ಆ ಹೊತ್ತಿಗೆ ಚಿಕ್ಕಮ್ಮನಿಗೆ ರಕ್ತ ಕಡಿಮೆ ಇದೆ, ಚೆನ್ನಾಗಿ ತಿನ್ನಬೇಕು ಎಂದು ಡಾಕ್ಟರು ಹೇಳಿದ್ದರು. ಮಾಲೀಕರು ಎಲ್ಲರಿಗೂ ಒಂದೊಂದು ಪ್ಯಾಕೆಟ್ ಹಂಚಿದ್ದರು. ಅವಳು ಫೋನ್ ಮಾಡಿದಳು.

“ನಾಲಿಗೆ ಒಪ್ತಿಲ್ಲ ಕಣೇ. ಬಾಯಿಗೆ ಇಟ್ಟ ತಕ್ಷಣ ತಾನಾಗೇ ಉಗುಳೋ ಹಾಗಾಗುತ್ತೆ. ಹದಿನಾಲ್ಕು ವರ್ಷದ ಚಾಳಿ.”

“ನಾಲಿಗೇನ ಯಾಕೆ ಕೇಳ್ತೀಯ? ಮೂಗು ಹಿಡ್ಕೊಂಡು ಒಂದೇ ಗುಟುಕಿಗೆ ನುಂಗು. ಹಾಸ್ಟೆಲ್ ಟ್ರಿಕ್ ಅದು.”

“ಅಯ್ಯೋ, ನಿಮಗೆ ಅಲ್ಲಿ ಇದನ್ನೆಲ್ಲ ಕಲಿಸ್ತಿದ್ರಾ?” ಅಂದಳು. ಆಮೇಲೆ, “ಆಗಲಿ ಬಿಡು. ಪ್ಯಾಕೆಟ್ ಮೇಲೆ ಸರ್ಕಾರದ ನಂಬರಿದೆ, ಹಿಂದುಗಡೆ ನಮ್ಮ ಪ್ರೊಫೆಸರಮ್ಮನ ಲೆಕ್ಕ ಇದೆ. ನನ್ನ ನಾಲಿಗೆ ಯಾವ ಕಾಲೇಜು ಓದಿದೆ?”

ದಿನಾ ಬೆಳಿಗ್ಗೆ ನುಂಗಿದ ತಕ್ಷಣ ನನಗೊಂದು ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಅಂಥವು ಹನ್ನೊಂದು ನನ್ನ ಫೋನಿನಲ್ಲಿವೆ. “ಒಂದನೇ ದಿನ, ನುಂಗಿದೆ.” “ಎರಡನೇ ದಿನ, ಇವತ್ತು ಮೂಗು ಹಿಡ್ಕೊಳ್ಳೋದು ಮರೆತೆ, ಥೂ.” “ಐದು, ತಲೆ ಸುತ್ತುತ್ತೆ ಸ್ವಲ್ಪ.” “ಎಂಟು, ಇವತ್ತು ಮೇಜಿನ ಹತ್ರ ಸಿಹಿ ಮೂಟೆಗೆ ಕಹಿ ಅಂದುಬಿಟ್ಟೆ, ಎಲ್ಲರೂ ನಕ್ಕರು.” ಹನ್ನೊಂದನೇ ದಿನ, “ತಲೆನೋವು ಬಿಡ್ತಾನೇ ಇಲ್ಲ ಕಣೇ” ಎಂದಾಗ ನಾನು ಕ್ಲಾಸಿಗೆ ಓಡುತ್ತಾ ಉತ್ತರಿಸಿದೆ: ರಕ್ತ ಕಡಿಮೆ ಇದ್ದರೆ ಹಾಗೇ ಆಗುತ್ತೆ, ನಾಳೆಯಿಂದ ಮೂರು ಚಮಚ ತಗೋ, ಪ್ಯಾಕೆಟ್ ಮೇಲೇ ಬರೆದಿದೆಯಲ್ಲ.

ಹನ್ನೆರಡನೇ ದಿನ ಅವಳು ದೊಡ್ಡ ಚಮಚದಲ್ಲಿ ಮೂರು ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿಟ್ಟು, ಸ್ನಾನ ಮುಗಿಸಿ ಬಂದು ಕುಡಿದಳು. ಹಾಗೆ ಬೆಚ್ಚಗೆ ನೆನೆಯುವಾಗ ಲೋಟದೊಳಗೆ ಏನು ನಡೆಯುತ್ತಿತ್ತು ಎಂದು ಈಗ ನನಗೆ ಸಮೀಕರಣದ ಸಮೇತ ಗೊತ್ತು. ಅಡುಗೆಮನೆಯಲ್ಲಿ ಬೇಕರಿಯ ಹಾಗೆ ಘಮ್ ಎನ್ನುತ್ತಿತ್ತು ಎಂದು ಪಕ್ಕದ ಮನೆಯ ದರ್ಜಿ ಆಮೇಲೆ ಹೇಳಿದರು. ಏನೋ ಬಿದ್ದ ಸದ್ದು ಕೇಳಿ ಓಡಿ ಬಂದವರು ಅವರೇ. ಪುಣ್ಯಾತ್ಮರು, ಮೇಜಿನ ಮೇಲಿದ್ದ ಪ್ಯಾಕೆಟ್ಟನ್ನೂ ಜೇಬಿಗೆ ಹಾಕಿಕೊಂಡು ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಷ್ಟು ಬುದ್ಧಿ ನಮ್ಮಲ್ಲಿ ಎಷ್ಟು ಜನಕ್ಕೆ ಬರುತ್ತದೆ?

ಡ್ಯೂಟಿ ಡಾಕ್ಟರು ಚಿಕ್ಕಮ್ಮನ ಫೋನಿನಿಂದಲೇ ನನಗೆ ಕರೆ ಮಾಡಿದರು. ಹಿಂದೆ ಯಂತ್ರವೊಂದು ಬಡಿದುಕೊಳ್ಳುತ್ತಿತ್ತು.

“ಬೆಳಿಗ್ಗೆ ಇದೊಂದನ್ನೇ ಕುಡಿದಿದ್ದಾರಂತೆ. ತೇವಾಂಶ, ಬೂದಿ, ಕೊಬ್ಬು, ಪ್ರೋಟೀನ್, ನಾರು, ಕಾರ್ಬೋಹೈಡ್ರೇಟ್. ಇಷ್ಟೇ ಬರೆದಿದೆ. ಇದರಲ್ಲಿ ಬೇರೆ ಏನಾದ್ರೂ ಇದೆಯಾ? ನಿಮಗೆ ಗೊತ್ತಿರೋ ಹಾಗೆ?”

“ಇಲ್ಲ ಸರ್. ಆ ಅನಾಲಿಸಿಸ್ ನಾನೇ ಮಾಡಿದ್ದು. ಟೋಟಲ್ ನೂರು ಬರುತ್ತೆ.”

“ಸರಿ ಹಾಗಾದ್ರೆ” ಎಂದು ಅವರು ಪ್ಯಾಕೆಟ್ಟನ್ನು ಪಕ್ಕಕ್ಕಿಟ್ಟು ಹೃದಯದ ಕಡೆ ನೋಡಲು ಹೋದರು. ರಕ್ತದ ವರದಿ ಬಂದು ಅವರಿಗೆ ಅನುಮಾನ ಹುಟ್ಟುವ ಹೊತ್ತಿಗೆ ಚಿಕ್ಕಮ್ಮ ಇರಲಿಲ್ಲ. ನಾನು ಬಸ್ಸು ಬದಲಿಸಿ ಬದಲಿಸಿ ಸಂಜೆ ತಲುಪಿದಾಗ ಆ ಡಾಕ್ಟರು ಕಾರಿಡಾರಿನಲ್ಲಿ ನನ್ನ ಪಕ್ಕ ಬಂದು ಕೂತರು. ನನಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. “ಅದಕ್ಕೆ ಕೊಡೋ ಔಷಧಿ ನಮ್ಮ ಕಪಾಟಿನಲ್ಲೇ ಇತ್ತು” ಅಂದರು. “ಪ್ಯಾಕೆಟ್ ಮೇಲೆ ಒಂದೇ ಒಂದು ಪದ ಇದ್ದಿದ್ರೆ ಸಾಕಿತ್ತು.” ಆಮೇಲೆ ನನ್ನ ಮುಖ ನೋಡಿ, ಅಷ್ಟು ಹೇಳಬಾರದಿತ್ತು ಎನ್ನುವಂತೆ ಎದ್ದು ಹೋದರು.

ನಿಮ್ಮ ಉತ್ತರಕ್ಕೆ ಬರುತ್ತೇನೆ. ನಾಲ್ಕು ತಿಂಗಳ ನಂತರ ಬಂದ, ಒಂದೂವರೆ ಪುಟದ ಉತ್ತರ. ಅದರ ಎರಡು ವಾಕ್ಯ ನನಗೆ ಬಾಯಿಪಾಠ. ಒಂದು: “ಕೋಷ್ಟಕದ ಒಟ್ಟು ಮೊತ್ತವು ನಿಖರವಾಗಿ ನೂರು ಇರುವುದರಿಂದ ಘೋಷಣೆಯಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ.” ಎರಡು: “ಮೃತರು ವೃತ್ತಿಯಿಂದ ರುಚಿ ಪರೀಕ್ಷಕರಾಗಿದ್ದು, ಸದರಿ ಪದಾರ್ಥದ ಕಹಿಯ ಬಗ್ಗೆ ಪೂರ್ವಜ್ಞಾನ ಹೊಂದಿದ್ದರೆಂಬುದನ್ನು ಗಮನಿಸಲಾಗಿದೆ.” ಎಂಥ ಸೊಗಸಾದ ವಾಕ್ಯ! ಅಂದರೆ, ಅವಳ ನಾಲಿಗೆಗೆ ಗೊತ್ತಿತ್ತಲ್ಲ, ಯಾಕೆ ನುಂಗಿದಳು ಎಂದು ನೀವು ಕೇಳುತ್ತಿದ್ದೀರಿ. ಹೇಳುತ್ತೇನೆ ಮಾನ್ಯರೇ. ನಿಮ್ಮ ಮುದ್ರೆ ಇತ್ತು ಎಂದು ನುಂಗಿದಳು. ನಾನು ಹೇಳಿದೆ ಎಂದು ನುಂಗಿದಳು. ಅವಳ ನಾಲಿಗೆಯ ಮಾತಿಗೆ ಹದಿನಾಲ್ಕು ವರ್ಷದಲ್ಲಿ ಯಾರೂ ಒಂದು ನಂಬರು ಕೊಟ್ಟಿರಲಿಲ್ಲ. ಅಚ್ಚಾದ ನಂಬರಿನ ಮುಂದೆ ಅದು ತನಗೆ ತಾನೇ ಬಾಯಿ ಮುಚ್ಚಿಕೊಂಡಿತು. ಪೂರ್ವಜ್ಞಾನ ಇದ್ದವಳು ಅವಳೊಬ್ಬಳೇ ಎಂದು ನೀವೇ ಬರೆದು ಕೊಟ್ಟಿದ್ದೀರಿ. ಹಾಗಾದರೆ ಅದು ಇಲ್ಲದ ನಾವು ಅವಳಿಗೆ ಹೇಗೆ ಅನುಮತಿ ಕೊಟ್ಟೆವು?

ನಿಮ್ಮ ಕಚೇರಿಗೆ ಒಮ್ಮೆ ಬಂದಿದ್ದೆ. ನೀವು ಮೀಟಿಂಗಿನಲ್ಲಿದ್ದಿರಿ. ಕಿಟಕಿಯ ಹತ್ತಿರದ ಗುಮಾಸ್ತರು ಟೀ ಕುಡಿಯುತ್ತಿದ್ದರು.

“ಅದೇ ಪುಡಿ ವಿಷಯಾನಾ? ಫೈಲ್ ಮುಚ್ಚಾಯ್ತಲ್ಲಮ್ಮ.”

“ಆ ತಿರುಳು ಕಹಿದು ಸರ್. ಅದನ್ನ ಎಲ್ಲೂ ಬರೆದಿಲ್ಲ.”

“ಎಲ್ಲಿ ಬರೀಬೇಕು, ನೀನೇ ತೋರಿಸು.” ಅವರು ಖಾಲಿ ಅರ್ಜಿ ನಮೂನೆಯೊಂದನ್ನು ನನ್ನ ಮುಂದೆ ತಳ್ಳಿದರು. “ಬಣ್ಣಕ್ಕೆ ಕಾಲಂ ಇದೆ. ತೇವಾಂಶಕ್ಕಿದೆ. ಪ್ಯಾಕೆಟ್ಟಿನ ಪ್ಲಾಸ್ಟಿಕ್ ಎಷ್ಟು ದಪ್ಪ ಅನ್ನೋದಕ್ಕೂ ಇದೆ. ಕಹಿಗೆ ಎಲ್ಲಿದೆ? ಇಲ್ಲದೇ ಇರೋ ಕಾಲಮ್ಮನ್ನ ನಾನು ಹೇಗೆ ತುಂಬಿಸಲಿ?”

“ಸೈನೈಡ್‌ಗೆ?”

“ಶಿವನೇ! ತಿನ್ನೋ ಪದಾರ್ಥದ ಅರ್ಜೀಲಿ ಸೈನೈಡ್‌ಗೆ ಯಾರಾದ್ರೂ ಕಾಲಂ ಇಡ್ತಾರೇನಮ್ಮ?” ಆಮೇಲೆ ಅವರಿಗೇ ಏನನ್ನಿಸಿತೋ, ತಟ್ಟೆ ನನ್ನ ಕಡೆ ಸರಿಸಿದರು. “ಬಿಸ್ಕತ್ತು ತಗೋ ಮರಿ. ಮುಖ ಬಾಡಿಹೋಗಿದೆ.”

ಬಾದಾಮಿ ಎಸೆನ್ಸ್ ಹಾಕಿದ ಬಿಸ್ಕತ್ತು. ನಾನು ತಂದಿದ್ದ ಫೈಲು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ರಸ್ತೆಗೆ ಓಡಿದೆ. ಈಗ ನನಗೆ ಎಲ್ಲೆಲ್ಲೂ ಆ ವಾಸನೆಯೇ. ಹಾಸ್ಟೆಲ್‌ನ ಕೈ ತೊಳೆಯುವ ಸಾಬೂನಿನಲ್ಲಿ ಇದೆ, ರೂಮ್‌ಮೇಟ್ ಹಚ್ಚುವ ಕ್ರೀಮಿನಲ್ಲಿ ಇದೆ, ಯಾರದೋ ಹುಟ್ಟುಹಬ್ಬದ ಕೇಕಿನಲ್ಲಿ ಇದೆ. ಒಳ್ಳೆಯ ವಾಸನೆ ಎಂದು ಎಲ್ಲರೂ ಅನ್ನುತ್ತಾರೆ. ಹೌದು, ಒಳ್ಳೆಯದೇ. ಬಾಗಿಲ ಹಿಂದೆ ಯಾರೋ ತುಪ್ ಎಂದು ಉಗಿದ ಹಾಗೆ ಕೇಳಿಸುತ್ತದೆ. ತಿರುಗಿ ನೋಡಿದರೆ ನಲ್ಲಿ ತೊಟ್ಟಿಕ್ಕುತ್ತಿರುತ್ತದೆ. ಊಟದ ತಟ್ಟೆ ಮುಂದಿಟ್ಟುಕೊಂಡರೆ ಪ್ರತಿ ತುತ್ತನ್ನೂ ಮುಂದಿನ ಹಲ್ಲಿನಲ್ಲಿ ಕಚ್ಚಿ, ನಾಲಿಗೆಗೆ ತಾಗಿಸಿ, ಕಾಯುತ್ತೇನೆ. ನನ್ನ ನಾಲಿಗೆ ಏನೂ ಹೇಳುವುದಿಲ್ಲ. ಅದನ್ನು ನಾನು ಬಹಳ ಹಿಂದೆಯೇ ಸುಮ್ಮನಾಗಿಸಿದ್ದೇನೆ.

ಕೊನೆಗೆ ನಮ್ಮ ಲ್ಯಾಬ್ ಮೇಡಂ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ.

“ಸ್ಯಾಂಪಲ್ ಕಹಿ ಅಂತ ನಂಗೆ ಯಾಕೆ ಹೇಳಲಿಲ್ಲ?” ಅಂದರು.

“ನೀವು ಕೇಳಲಿಲ್ಲ ಮೇಡಂ.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹೌದು. ಕೇಳಲಿಲ್ಲ” ಎಂದು ಎದ್ದು ಕಪಾಟು ತೆಗೆದರು. ಚಿಕ್ಕಮ್ಮ ಕುಡಿದು ಉಳಿದಿದ್ದ ಪ್ಯಾಕೆಟ್ ನನ್ನ ಬಳಿ ಇತ್ತು. ಒಂದು ಚಿಟಿಕೆ ಪುಡಿಯನ್ನು ಪುಟ್ಟ ಬಾಟಲಿಗೆ ಹಾಕಿ, ನಾಲ್ಕು ಹನಿ ಬೆಚ್ಚಗಿನ ನೀರು ಬಿಟ್ಟು, ಪಿಕ್ರೇಟ್ ದ್ರಾವಣದಲ್ಲಿ ಅದ್ದಿದ ಹಳದಿ ಕಾಗದದ ಪಟ್ಟಿಯೊಂದನ್ನು ಮುಚ್ಚಳಕ್ಕೆ ತೂಗುಹಾಕಿದೆವು. ಪಕ್ಕದ ಬಾಟಲಿಯಲ್ಲಿ ಅಂಗಡಿಯಿಂದ ತಂದ ಸಿಹಿ ತಿರುಳು. ಸೈನೈಡ್ ಹೊರಬಂದರೆ ಹಳದಿ ಕಾಗದ ಕೆಂಪಾಗುತ್ತದೆ, ಪರೀಕ್ಷೆ ಅಷ್ಟೇ. ಸಿಹಿಯ ಪಟ್ಟಿ ಹಳದಿಯಾಗಿಯೇ ಉಳಿಯಿತು. ನಮ್ಮದು ಮೊದಲು ಅಂಚಿನಲ್ಲಿ ಕಿತ್ತಳೆಯಾಯಿತು, ಆಮೇಲೆ ಇಡೀ ಪಟ್ಟಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಅದಕ್ಕೆ ಹಿಡಿದದ್ದು ಒಂದು ಪೀರಿಯಡ್ ಅಷ್ಟೇ ಮಾನ್ಯರೇ. ನಿಮಗೆ ನಾಲ್ಕು ತಿಂಗಳಿತ್ತು. ಅಂಚೆಯಲ್ಲಿ ನಿಮಗೆ ಕಳಿಸುತ್ತಿರುವ ಪ್ರತಿಯ ಜೊತೆ ಆ ಎರಡೂ ಪಟ್ಟಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಅಂಟಿಸಿ, ಮೇಡಂ ಸಹಿಯೊಂದಿಗೆ ಇಟ್ಟಿದ್ದೇನೆ. ಅವುಗಳನ್ನು ಯಾವ ಕಾಲಮ್ಮಿಗೆ ಹಾಕುತ್ತೀರೋ ನನಗೆ ಗೊತ್ತಿಲ್ಲ.

ಇಷ್ಟು ದಿನ ನಾನು ನನ್ನ ಪಾಡಿಗೆ ಅಳುತ್ತಿದ್ದೆ. ಬಹಿರಂಗವಾಗಿ ಬರೆಯುವಂತೆ ಮಾಡಿದ್ದು ಕಳೆದ ವಾರ ಬಂದ ಸುತ್ತೋಲೆ. ವಸತಿ ಶಾಲೆಗಳ ಪಟ್ಟಿಯಲ್ಲಿ ಆರನೇ ಹೆಸರು ನಾನು ಓದಿದ ಶಾಲೆಯದು. ಮಕ್ಕಳಿಗೆ ರುಚಿಸಲೆಂದು ಸಕ್ಕರೆ ಸೇರಿಸಿದ ವಿಶೇಷ ಪುಡಿಯಂತೆ. ಸಕ್ಕರೆ ಕಹಿಯನ್ನು ಮುಚ್ಚುತ್ತದೆ, ಕೆಳಗಿರುವುದನ್ನು ಕರಗಿಸುವುದಿಲ್ಲ. ದೊಡ್ಡವರಿಗೇ ಇಂಥ ಕಹಿ ತಿರುಳು ಎರಡು ಮೂರು ದಾಟಿದರೆ ಕ್ಷೇಮವಲ್ಲ ಎಂದು ಓದಿದ್ದೇನೆ. ಅಲ್ಲಿರುವವರಲ್ಲಿ ಆರು ವರ್ಷದವರೂ ಇದ್ದಾರೆ.

ಮಕ್ಕಳಿಗೆ ಕಹಿಯೆನಿಸಿದರೆ ಹೇಳುತ್ತಾರೆ, ಆಗ ನಿಲ್ಲಿಸೋಣ ಎಂದು ನೀವು ಅಂದುಕೊಂಡಿರಬಹುದು. ಮನೆಯ ಮಕ್ಕಳಾದರೆ ಹೇಳುತ್ತವೆ. ಉಗಿಯುತ್ತವೆ, ಲೋಟ ತಳ್ಳುತ್ತವೆ, ಅಮ್ಮನ ಸೆರಗಿಗೆ ಬಾಯಿ ಒರೆಸುತ್ತವೆ. ಅಲ್ಲಿ ಊಟದ ಮನೆಯ ಬಾಗಿಲಲ್ಲಿ ಒಬ್ಬರು ನಿಂತಿರುತ್ತಾರೆ, ಖಾಲಿ ಲೋಟ ತೋರಿಸಿದವರಿಗೆ ಮಾತ್ರ ದಾರಿ. ಅಲ್ಲಿನ ಪುಟ್ಟ ಹುಡುಗಿಯರಿಗೆ ಮೂಗು ಹಿಡಿದು, ಉಸಿರು ಕಟ್ಟಿ, ನಾಲಿಗೆಗೆ ತಾಗಿಸದೆ ನುಂಗುವುದು ತುಂಬ ಚೆನ್ನಾಗಿ ಬರುತ್ತದೆ. ಕೆಲವರಿಗೆ ನಾನೇ ಕಲಿಸಿದ್ದೇನೆ. ಆ ಹಾಲು ಕಹಿಯಾಗಿತ್ತು ಎಂದು ನಿಮಗೆ ಯಾರೂ ದೂರು ಕೊಡುವುದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಆ ಪುಡಿಯನ್ನು ಶಾಲೆಗಳಿಗೆ ಕಳಿಸುವುದನ್ನು ನಿಲ್ಲಿಸಿ. ಅಂಗಡಿಗಳಲ್ಲಿರುವ ಪ್ಯಾಕೆಟ್ಟುಗಳನ್ನು ವಾಪಸ್ಸು ತರಿಸಿ. ನನ್ನ ಕೋಷ್ಟಕವನ್ನು ರದ್ದು ಮಾಡಿ. ಬರೆದವಳೇ ಕೇಳುತ್ತಿದ್ದಾಳೆ, ಅದಕ್ಕಿಂತ ಬೇರೆ ಅರ್ಜಿ ಬೇಕೇ? ತಿರುಳು ಕಹಿಯೋ ಸಿಹಿಯೋ ಎಂದು ನಿಮ್ಮ ನಮೂನೆಯಲ್ಲಿ ಒಂದು ಸಾಲು ಸೇರಿಸಿ, ಅಮಿಗ್ಡಲಿನ್ ಎಷ್ಟಿದೆ ಎಂದು ಅಳೆದು ಬರೆಯಲು ಹೇಳಿ. ಕಳೆದು ಬರೆಯುವುದು ಸಾಕು. ನಿಮ್ಮ ಮನೆಯಲ್ಲಿ ಆ ಪ್ಯಾಕೆಟ್ ಇದ್ದರೆ, ದಯವಿಟ್ಟು, ಅದನ್ನೂ ಎಸೆಯಿರಿ.

ಒಂದನೇ ತಾರೀಖಿಗೆ ಇವತ್ತಿಗೆ ಸರಿಯಾಗಿ ಹನ್ನೆರಡು ದಿನ ಇದೆ. ಚಿಕ್ಕಮ್ಮನಿಗೂ ಅಷ್ಟೇ ದಿನ ಇತ್ತು.

ದಯವಿಟ್ಟು ಬೇಗ ಉತ್ತರ ಬರೆಯಿರಿ.

ಇಂತಿ,
ನಿಮ್ಮ ಮುದ್ರೆಯ ಮೇಲಿರುವ ಕೋಷ್ಟಕವನ್ನು ಬರೆದ,
ಹತ್ತಕ್ಕೆ ಒಂಬತ್ತೂವರೆ ಪಡೆದ,
ನಾಲಿಗೆಯಕ್ಕನ ಪ್ರೊಫೆಸರಮ್ಮ